ಕಾಲು ಮುಟ್ಟಿ ಮಾತಾಡಿಸುತ್ತಿದ್ದ ಅಕ್ಕೋರು

ನನ್ನ ಡೈರಿಯಲ್ಲಿ ಅವರ ಹೆಸರು ಒಂದು ಕಡೆಯೂ ಇಲ್ಲ. ನರ್ಸ್ ಕೆಲಸಕ್ಕೆ ಸೇರಿದ ದಿನದ ಪುಟದಲ್ಲಿ ‘ಅಕ್ಕೋರು’ ಎಂದು ಬರೆದೆ. ಎರಡು ವರ್ಷ ಏಳು ತಿಂಗಳು ಹಾಗೇ ಬರೆಯುತ್ತ ಹೋದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಶಾಲೆಯವರಲ್ಲ. ಶಿರಸಿಯ ನಮ್ಮ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಯವರ ವಾರ್ಡಿಗೆ ಹಿರಿಯ ನರ್ಸ್. ಯಾವುದೋ ಕಾಲದಲ್ಲಿ ಒಬ್ಬ ರೋಗಿ ಬೈಸಿಕೊಂಡ ಮೇಲೆ ಹಾಗೆ ಕರೆದಿರಬೇಕು, ಅದೇ ಉಳಿಯಿತು. ಡಾಕ್ಟರೂ ಹಾಗೇ ಕರೆಯುತ್ತಿದ್ದರು.

ಮಾರ್ಚ್ ಮೂವತ್ತೊಂದಕ್ಕೆ ಅವರು ನಿವೃತ್ತರಾದರು. ಸಂಜೆ ನಡೆದ ಬೀಳ್ಕೊಡುಗೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದರು. ಎದ್ದು ನಿಂತು, “ಅಕ್ಕೋರು ನನಗೆ ಕಾಲು ನೋಡುವುದನ್ನು ಕಲಿಸಿದರು” ಎಂದೆ. ಎಲ್ಲರೂ ನಕ್ಕರು. ಅಷ್ಟಕ್ಕೇ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಹಿಂದಿನ ನವೆಂಬರ್‌ನ ಒಂದು ಗುರುವಾರದ ಸಂಗತಿ. ಸಭೆಯಲ್ಲಿ ಹೇಳುವಂಥದ್ದಲ್ಲ ಅದು. ಇಲ್ಲಿ ಬರೆಯುತ್ತೇನೆ.

ಅಕ್ಕೋರು ಕಾನಸೂರಿನವರು. ಬೆಳಗಿನ ಬಸ್ಸಿಗೆ ಬಂದು ಏಳು ನಲವತ್ತಕ್ಕೆ ವಾರ್ಡಿನಲ್ಲಿರುತ್ತಿದ್ದರು. ನನ್ನ ಲೆಕ್ಕದಲ್ಲಿ ಅವರು ತಡವಾಗಿ ಬಂದದ್ದು ಮೂರು ಸಲ. ಮೂರೂ ಸಲ ರಸ್ತೆಗೆ ಮರ ಬಿದ್ದಿತ್ತು. ಅದರಲ್ಲಿ ಒಂದು ಸಲ ಬಸ್ಸಿನಿಂದ ಇಳಿದು, ಮರ ದಾಟಿ, ಆಚೆ ಬದಿ ನಿಂತಿದ್ದ ಹಾಲಿನ ಗಾಡಿ ಹತ್ತಿ ಬಂದಿದ್ದರು. ಕುಳ್ಳನೆಯ ಮೈ, ಗಟ್ಟಿ ಜಡೆ. ಜೇಬಿನಲ್ಲಿ ಬ್ಯಾಂಡೇಜು ಬಟ್ಟೆಯ ದಾರಕ್ಕೆ ಕಟ್ಟಿದ ನೀಲಿ ಬಾಲ್‌ಪೆನ್ನು. ದಾರ ಏಕೆಂದರೆ ಡಾಕ್ಟರುಗಳು ಪೆನ್ನು ಇಸಿದುಕೊಂಡು ವಾಪಸು ಕೊಡುವುದಿಲ್ಲ. ನಗುವುದು ಕಡಿಮೆ. ಯಾರ ಕೆಲಸವನ್ನೂ ಚೆನ್ನಾಗಿದೆ ಎಂದದ್ದು ನಾನು ಕೇಳಿಲ್ಲ. ಸರಿ ಇದ್ದರೆ ಸುಮ್ಮನೆ ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಹೊಸ ರೋಗಿ ಬಂದರೆ ಹೆಸರು ಕೇಳುವ ಮೊದಲೇ ಹೊದಿಕೆ ಸರಿಸಿ ಎರಡೂ ಪಾದಗಳಿಗೆ ಬೆರಳುಗಳ ಹಿಂಬದಿ ತಾಗಿಸುತ್ತಿದ್ದರು. ಎಡಗೈ ಒಂದಕ್ಕೆ, ಬಲಗೈ ಇನ್ನೊಂದಕ್ಕೆ, ಎರಡೂ ಒಟ್ಟಿಗೆ. ಒಂದು ಕಾಲು ಇನ್ನೊಂದಕ್ಕಿಂತ ತಣ್ಣಗಿದ್ದರೆ ಹಾಗೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕುವುದು. ಹೃದಯ ಸೋತವರ ಪಾದದಲ್ಲಿ ನಾಡಿ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕಿದ ಕೂಡಲೇ ಆ ಜಾಗಕ್ಕೆ ನೀಲಿ ಪೆನ್ನಿನಿಂದ ಗುಣಿಸು ಚಿಹ್ನೆ ಹಾಕುತ್ತಿದ್ದರು, ಮುಂದಿನ ಪಾಳಿಯವರು ಮತ್ತೆ ಹುಡುಕುತ್ತ ಕೂರಬಾರದೆಂದು.

“ಮುಖ ಸುಳ್ಳು ಹೇಳ್ತದೆ. ಕಾಲಿಗೆ ಅಷ್ಟು ಬುದ್ಧಿ ಇಲ್ಲ” ಎನ್ನುತ್ತಿದ್ದರು.

ಇನ್ನೊಂದು ಮಾತನ್ನು ಮೊದಲ ವಾರದಲ್ಲೇ ನನಗೆ ಹೇಳಿದ್ದರು. ತಾರೀಖು ಹಾಕಿ ಬರೆದುಕೊಂಡಿದ್ದೇನೆ. “ಈ ಗುರುತು ನಾಡಿ ಎಲ್ಲಿ ಅಂತ ಹೇಳ್ತದೆ. ಇದೆಯಾ ಅಂತ ಹೇಳೂದಿಲ್ಲ. ಅದನ್ನ ನಿನ್ನ ಬೆರಳೇ ಹೇಳಬೇಕು.” ಅಚ್ಚುಕಟ್ಟಾಗಿ ಬರೆದುಕೊಂಡೆ. ಬರೆದುಕೊಂಡರೆ ಕಲಿತ ಹಾಗೆ ಎಂದು ಆಗ ತಿಳಿದಿದ್ದೆ.

ನಮ್ಮ ಸೀಮೆಯಲ್ಲಿ ಕಾಲು ಮುಟ್ಟುವುದು ಸಲೀಸಾದ ಕೆಲಸವಲ್ಲ. ವಯಸ್ಸಾದ ಗಂಡಸರು ಕಾಲು ಮಡಚಿಕೊಳ್ಳುತ್ತಾರೆ. ಹೆಂಗಸರು ಸೀರೆಯ ಅಂಚನ್ನು ಬೆರಳ ತುದಿಯವರೆಗೆ ಎಳೆದುಕೊಳ್ಳುತ್ತಾರೆ. ‘ಪಾಪ ಬರ್ತದೆ’ ಎನ್ನುವವರಿದ್ದರು. ಅಕ್ಕೋರ ಹತ್ತಿರ ಇದಕ್ಕೊಂದು ಉತ್ತರವಿತ್ತು: “ಕಾಲು ಈಗ ನಿಮ್ದಲ್ಲ, ನಂದು. ಮನೆಗೆ ಹೋಗುವಾಗ ವಾಪಸ್ ಕೊಡ್ತೆ.” ಬನವಾಸಿ ಕಡೆಯ ಅಜ್ಜ ಒಬ್ಬರಿದ್ದರು. ಅಕ್ಕೋರು ಪಾದ ಮುಟ್ಟಿದೊಡನೆ ಅವರು ಕೈಯೆತ್ತಿ, “ನೂರ್ ವರ್ಷ ಬಾಳು ಮಗಳಾ” ಎಂದು ಹರಸುತ್ತಿದ್ದರು. ಅಕ್ಕೋರು ತಲೆ ಬಗ್ಗಿಸಿ ಆಶೀರ್ವಾದ ಪಡೆಯುತ್ತಲೇ ನಾಡಿ ಎಣಿಸಿ ಮುಗಿಸುತ್ತಿದ್ದರು. ನಾಲ್ಕು ದಿನದಲ್ಲಿ ಅಜ್ಜ ಇಪ್ಪತ್ತೆರಡು ಸಲ ಹರಸಿದರು. “ಅಕ್ಕೋರೇ, ಲೆಕ್ಕದ ಪ್ರಕಾರ ನಿಮಗೆ ಎರಡು ಸಾವಿರದ ಇನ್ನೂರು ವರ್ಷ ಆಯುಷ್ಯ” ಎಂದೆ. “ಅಷ್ಟು ವರ್ಷ ಈ ಬಸ್ಸಲ್ಲಿ ಓಡಾಡೂಕಾಗೂದಿಲ್ಲ, ಅರ್ಧ ನೀನು ತಗೋ” ಎಂದರು.

ಉಪ್ಪಿನ ವಿಷಯದಲ್ಲಿ ಅವರು ಪೊಲೀಸರ ಹಾಗೆ. ಹೃದಯ ದುರ್ಬಲವಾದವರಿಗೆ ಉಪ್ಪು ಜಾಸ್ತಿಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಮನೆಯಿಂದ ಬಂದ ಊಟದ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಸಿದ್ದಾಪುರದ ಕಡೆಯ ಭಟ್ಟರೊಬ್ಬರು ಮಾತ್ರೆ ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿಕೊಂಡಿದ್ದರು. ಬೆಳಿಗ್ಗೆ ತೂಕ ಮಾಡಿದಾಗ ಒಂದೇ ದಿನಕ್ಕೆ ಒಂದು ಕಿಲೋ ಏರಿತ್ತು. ಅಕ್ಕೋರು ಅವರ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಕುಳಿ ಬಿತ್ತು. ಅದು ತುಂಬುವವರೆಗೆ “ಒಂದು, ಎರಡು, ಮೂರು...” ಎಂದು ಗಟ್ಟಿಯಾಗಿ ಎಣಿಸಿದರು.

“ಭಟ್ರೇ, ಎಷ್ಟು ಮಿಡಿ?”

“ಎಂಗೆಂತೂ ಆಜಿಲ್ಲೆ ತಂಗೀ. ಒಂದೇ ಒಂದು, ಬಾಯಿರುಚಿಗೆ.” ತಮಗೇನೂ ಆಗಿಲ್ಲ ಎಂದರು ಭಟ್ಟರು.

“ಕಾಲು ಮೂರು ಹೇಳ್ತಾ ಇದೆ.”

ಭಟ್ಟರು ತಲೆದಿಂಬಿನ ಅಡಿಯಿಂದ ಡಬ್ಬಿ ತೆಗೆದು ಕೊಟ್ಟರು. ಮೂರೇ ತಿಂದಿದ್ದರಂತೆ. ಆ ಮೇಲೆ ಅವರ ನೀರಿನ ತಂಬಿಗೆಗೆ ಅಕ್ಕೋರು ಪ್ಲಾಸ್ಟರ್ ಪಟ್ಟಿಯ ನಾಲ್ಕು ಗೆರೆ ಅಂಟಿಸಿ, ಎಷ್ಟು ಹೊತ್ತಿಗೆ ಯಾವ ಗೆರೆಯವರೆಗೆ ಕುಡಿಯಬಹುದು ಎಂದು ಬರೆದಿಟ್ಟರು. ಆ ತಂಬಿಗೆ ಈಗಲೂ ವಾರ್ಡಿನಲ್ಲಿದೆ.

ನನ್ನ ಡೈರಿಯನ್ನು ಒಮ್ಮೆ ಅವರು ತಿರುವಿ ನೋಡಿದ್ದರು. ದಿನಕ್ಕೆ ಎಷ್ಟು ಇಂಜೆಕ್ಷನ್, ಎಷ್ಟು ಇಸಿಜಿ, ಎಷ್ಟು ಸಲ ಮಹಡಿ ಹತ್ತಿ ಇಳಿದೆ ಎಂದೆಲ್ಲ ಗೀಟು ಹಾಕಿ ಎಣಿಸಿಟ್ಟಿರುತ್ತೇನೆ. ನಾಲ್ಕು ಗೀಟು, ಅಡ್ಡ ಒಂದು, ಐದು. ಚಿಕ್ಕಂದಿನಿಂದ ಬಂದ ಅಭ್ಯಾಸ. ಯಲ್ಲಾಪುರದ ನಮ್ಮ ಮನೆ ಹೆದ್ದಾರಿ ಬದಿಯಲ್ಲಿತ್ತು. ಅಪ್ಪ ಲಾರಿ ಚಾಲಕ. ಅಪ್ಪ ಬರುವವರೆಗೆ ಕಿಟಕಿಯಲ್ಲಿ ಕೂತು ಹೋಗುವ ಲಾರಿಗಳನ್ನು ಎಣಿಸುತ್ತಿದ್ದೆ. ಅಕ್ಕೋರು ಡೈರಿ ವಾಪಸು ಕೊಡುತ್ತ, “ಅಕ್ಷರ ಚೆಂದ ಇದೆ. ಚೆಂದದ ಅಕ್ಷರ ನೋಡಿದ್ರೆ ಜನ ನಂಬಿಬಿಡ್ತಾರೆ. ಜಾಗ್ರತೆ” ಎಂದಿದ್ದರು. ಹೊಗಳಿಕೆ ಎಂದುಕೊಂಡೆ.

ಆ ಗುರುವಾರದ ಹಿಂದಿನ ದಿನ ನಮ್ಮ ವಾರ್ಡಿಗೆ ಒಬ್ಬ ಲಾರಿ ಚಾಲಕರು ಬಂದು ಸೇರಿದ್ದರು. ಯಲ್ಲಾಪುರದವರು, ಅಪ್ಪನ ಸ್ನೇಹಿತರು. ನಮ್ಮ ಬೀದಿಯ ಮಕ್ಕಳೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದದ್ದು. ಮರದ ನಾಟಾ ತುಂಬಿದ ಲಾರಿಯನ್ನು ಅಂಕೋಲೆಯ ಘಟ್ಟದಲ್ಲಿ ಇಪ್ಪತ್ತೆಂಟು ವರ್ಷ ಇಳಿಸಿದವರು. ಹೃದಯದ ಬಡಿತ ತಾಳ ತಪ್ಪಿತ್ತು, ಉಸಿರು ಸಾಲುತ್ತಿರಲಿಲ್ಲ. ಹೀಗೆ ಅಡ್ಡಾದಿಡ್ಡಿ ಬಡಿಯುವ ಹೃದಯದೊಳಗೆ ರಕ್ತ ಹೆಪ್ಪುಗಟ್ಟುವುದುಂಟು. ಆ ಹೆಪ್ಪು ಹೊರಟು ಮೆದುಳಿಗೋ ಕಾಲಿಗೋ ಹೋಗಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಎರಡು ತಾಸಿಗೊಮ್ಮೆ ಕಾಲು ನೋಡಬೇಕೆಂದು ಅಕ್ಕೋರು ಚಾರ್ಟಿನಲ್ಲಿ ಬರೆದಿದ್ದರು. ಒಂದೊಂದು ಕಾಲಿಗೆ ಐದು ಮನೆ: ಬಿಸಿ, ಬಣ್ಣ, ನಾಡಿ, ಮುಟ್ಟಿದ್ದು ಗೊತ್ತಾಗುತ್ತದೆಯೇ, ಬೆರಳು ಆಡುತ್ತದೆಯೇ. ಎರಡು ಕಾಲಿಗೆ ಹತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೂ ಹತ್ತಕ್ಕೂ ಅಕ್ಕೋರೇ ನೋಡಿದ್ದರು. ಎಲ್ಲ ಸರಿ ಇತ್ತು. ಹತ್ತೂಕಾಲಿಗೆ ಅವರು ತುರ್ತು ವಿಭಾಗಕ್ಕೆ ಹೋಗಬೇಕಾಯಿತು. ಹನ್ನೆರಡರದ್ದು ನನ್ನ ಪಾಲಿಗೆ ಬಂತು.

ಹನ್ನೆರಡಕ್ಕೆ ಹೋದಾಗ ಚಾಚಾ ಅರೆನಿದ್ದೆಯಲ್ಲಿದ್ದರು. ಎರಡೂ ಕಾಲಿಗೆ ಕಪ್ಪು ಉಣ್ಣೆಯ ಕಾಲುಚೀಲ ಇತ್ತು. “ಕಾಲು ಥಂಡಿ ಅಂದ್ರು, ಅದಕ್ಕ ಹಾಕೀನಿ” ಎಂದರು ಅವರ ಹೆಂಡತಿ. ನಾನು ಚಾಚಿ ಎನ್ನುವುದು. ಕಾಲು ತಣ್ಣಗಾಗಿದೆ ಎಂಬ ಆ ಒಂದು ಮಾತೇ ನನಗೆ ಸಾಕಾಗಬೇಕಿತ್ತು.

“ಚಾಚಾ, ಚೀಲ ತೆಗೆದು ಕಾಲು ನೋಡಬೇಕು.”

ಅವರು ಕಣ್ಣು ಬಿಟ್ಟು ಕಾಲು ಹಿಂದಕ್ಕೆಳೆದುಕೊಂಡರು. “ಬ್ಯಾಡ ಬೇಟಿ. ನಿಮ್ಮಪ್ಪನ ಜೋಡಿ ಒಂದೇ ತಾಟಿನಾಗ ಉಂಡಂವ ನಾನು. ಅಂವನ ಮಗಳ ಕೈಲೆ ಕಾಲ ಮುಟ್ಟಿಸ್ಕೊಂಡು ಅಂವನ ಮುಖ ಹ್ಯಾಂಗ ನೋಡ್ಲಿ? ಅಕ್ಕೋರು ಬರ್ತಾರಲ್ಲ, ಅವರು ನೋಡ್ತಾರ ಬಿಡು.”

ಬಾಗಿಲ ಬಳಿ ಎದೆನೋವಿನ ಹೊಸ ರೋಗಿಯನ್ನು ತಂದು ಇಳಿಸುತ್ತಿದ್ದರು. ಹೋಗಬೇಕಿತ್ತು. ನನಗೂ ಸಂಕೋಚವೇ. ಚಿಕ್ಕವಳಿದ್ದಾಗ ಲಾರಿಯ ಸ್ಟೇರಿಂಗ್ ಹಿಡಿಸಿದ ಮನುಷ್ಯ. ಹತ್ತಿರವಿದ್ದ ಎಡಗಾಲನ್ನು ಚೀಲದ ಮೇಲಿನಿಂದ ಮುಟ್ಟಿದೆ. ಬೆಚ್ಚಗಿತ್ತು. ಬಲಗಾಲು ಗೋಡೆಯ ಕಡೆಗಿತ್ತು. ಚಾರ್ಟಿನಲ್ಲಿ ಮೇಲಿನಿಂದ ಕೆಳಗೆ ಅಲ್ಲಿಯವರೆಗಿನ ಎಲ್ಲ ಸಾಲಿನಲ್ಲೂ ‘ಇದೆ, ಇದೆ’ ಎಂದೇ ಇತ್ತು. ನಾನೂ ಹತ್ತು ಮನೆಯನ್ನೂ ತುಂಬಿದೆ. ಹನ್ನೆರಡು ಗಂಟೆ ಎಂದು ಹಾಕಿ, ಸಹಿ ಮಾಡಿ, ಹೊಸ ರೋಗಿಯ ಕಡೆ ಓಡಿದೆ.

ಒಂದು ನಲವತ್ತಕ್ಕೆ ಅಕ್ಕೋರು ಮರಳಿ ಬಂದರು. ಚಾಚಾನ ಮಂಚದ ಹತ್ತಿರ ಹಾದವರು ನಿಂತರು.

“ಚೀಲ ಯಾರು ಹಾಕಿದ್ದು?”

ಉತ್ತರಕ್ಕೆ ಕಾಯಲಿಲ್ಲ. ಎರಡನ್ನೂ ಎಳೆದು ತೆಗೆದರು. ನಾನು ಆಚೆ ಮಂಚದ ಬಳಿ ಇದ್ದೆ, ಅಲ್ಲಿಂದಲೇ ಕಂಡಿತು. ಎಡಪಾದ ಎಂದಿನ ಕಂದು ಬಣ್ಣದ್ದು. ಬಲಪಾದ ಮೇಣದ ಹಾಗೆ ಬಿಳಿಚಿಕೊಂಡಿತ್ತು. ಅದರ ಮೇಲೆ ಅವರೇ ಬೆಳಿಗ್ಗೆ ಹಾಕಿದ್ದ ನೀಲಿ ಗುರುತು. ಅದು ಅಷ್ಟು ಎದ್ದು ಕಂಡದ್ದು ಅದೇ ಮೊದಲು.

ಅಕ್ಕೋರ ಬೆರಳು ಗುರುತಿನ ಮೇಲೆ ನಿಂತಿತು. ಅಲ್ಲಿಂದ ಹಿಮ್ಮಡಿಯ ಗಂಟಿನ ಹಿಂದೆ, ಮೊಣಕಾಲಿನ ಹಿಂದೆ, ತೊಡೆಯ ಸಂದಿಗೆ ಹೋಯಿತು. ತೊಡೆಯ ಸಂದಿಯಲ್ಲಿ ಮಾತ್ರ ಬಡಿತವಿತ್ತು. ಕೆಳಗೆಲ್ಲೂ ಇಲ್ಲ.

“ನೋವಾ?”

“ನೋವು ಈಗ ಕಡಿಮಿ ಆಗೇದ್ರಿ ಅಕ್ಕೋರ. ಜೋಮು ಹಿಡದಾಂಗ ಅದ.”

“ಬೆರಳು ಆಡ್ಸಿ.”

ಆಡಿದವು, ಬಹಳ ನಿಧಾನಕ್ಕೆ.

ಡಾಕ್ಟರು ಎರಡೇ ನಿಮಿಷದಲ್ಲಿ ಮೇಲೆ ಬಂದರು. ಹೃದಯದಿಂದ ಹೊರಟ ಹೆಪ್ಪು ಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದೆ. ಹುಬ್ಬಳ್ಳಿಗೆ ಕಳಿಸಿ ತೆಗೆಸಬೇಕು. ರಕ್ತ ನಿಂತ ಆರು ತಾಸಿನೊಳಗೆ ತೆಗೆದರೆ ಕಾಲು ಉಳಿಯುವ ಭರವಸೆ, ಆ ಮೇಲೆ ಒಂದೊಂದು ತಾಸಿಗೂ ಕಡಿಮೆಯಾಗುತ್ತ ಹೋಗುತ್ತದೆ. ಹೆಪ್ಪು ಬೆಳೆಯದಂತೆ ಇಂಜೆಕ್ಷನ್ ಕೊಡಿಸಿದರು. ನಮ್ಮ ಆಂಬುಲೆನ್ಸು ಆಗಷ್ಟೇ ಸಿದ್ದಾಪುರಕ್ಕೆ ಹೋಗಿತ್ತು. ಸರ್ಕಾರಿ ಗಾಡಿಗೆ ಫೋನು ಮಾಡಿದರೆ ಅದೂ ದೂರದಲ್ಲಿತ್ತು. ಡಾಕ್ಟರು ಚಾರ್ಟು ಎತ್ತಿಕೊಂಡರು. ನನ್ನ ಚೆಂದದ ಅಕ್ಷರ ನೋಡಿದರು.

“ಹನ್ನೆರಡಕ್ಕೆ ನಾಡಿ ಇತ್ತು. ಹಾಗಾದರೆ ಸಂಜೆ ಆರರವರೆಗೆ ಸಮಯ ಇದೆ. ಮೂರಕ್ಕೆ ನಮ್ಮ ಗಾಡಿ ವಾಪಸ್ ಬರ್ತದೆ, ಐದೂವರೆಗೆ ಹುಬ್ಬಳ್ಳಿ. ಇವರ ಹೃದಯದ ಸ್ಥಿತಿ ನೋಡಿದರೆ ಬೇರೆ ಗಾಡಿಗಿಂತ ಕಾಯುವುದೇ ಒಳ್ಳೆಯದು.”

ಲೆಕ್ಕ ಸರಿಯಾಗಿತ್ತು. ಅದು ನಿಂತಿದ್ದದ್ದು ನಾನು ಬರೆದ ಒಂದು ಸಾಲಿನ ಮೇಲೆ. ಹನ್ನೆರಡರ ಸಾಲು ಅಳಿಸಿದರೆ ಕೊನೆಯದಾಗಿ ನಾಡಿ ಮುಟ್ಟಿದ್ದು ಹತ್ತಕ್ಕೆ, ಅಕ್ಕೋರು. ಆಗ ಗಡುವು ಆರಲ್ಲ, ನಾಲ್ಕು. ಇದು ನನ್ನ ತಲೆಯಲ್ಲಿ ಕೂಡಲೇ ಕೂಡಿ ಕಳೆದು ಮುಗಿದಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಅಕ್ಕೋರು ನನ್ನನ್ನು ಬಟ್ಟೆಯ ಕಪಾಟಿನ ಕೋಣೆಗೆ ಕರೆದರು. ಬಾಗಿಲು ಹಾಕಲಿಲ್ಲ.

“ಹನ್ನೆರಡಕ್ಕೆ ಮುಟ್ಟಿದ್ಯಾ?”

“ಮುಟ್ಟಿದೆ ಅಕ್ಕೋರೆ.”

“ಬಲಗಾಲು?”

ಕಪಾಟಿನಲ್ಲಿ ಮಡಚಿಟ್ಟ ಚಾದರಗಳಿದ್ದವು. ನಾನು ಅವನ್ನು ನೋಡುತ್ತಿದ್ದೆ.

“ಒಂದು ಮಾತು ಹೇಳು. ಅಳೂದೆಲ್ಲ ಆಮೇಲೆ.”

“ಇಲ್ಲ” ಎಂದೆ.

ಅವರು ಬೈಯಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ದಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. “ಡಾಕ್ಟ್ರಿಗೆ ನೀನೇ ಹೇಳು. ಬರೆದದ್ದನ್ನ ಗೀಚಿ ಮುಚ್ಚಬೇಡ, ಒಂದೇ ಗೆರೆ ಎಳಿ, ಕೆಳಗಿನ ಅಕ್ಷರ ಕಾಣಬೇಕು. ‘ನೋಡಿಲ್ಲ’ ಅಂತ ಬರೆದು ಸಹಿ ಮಾಡು. ಓಡು.”

ನಾನು ಹೇಳಿದಾಗ ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಕೋಪಕ್ಕೂ ಅವರಿಗೆ ಹೊತ್ತಿರಲಿಲ್ಲ. “ಹಾಗಾದರೆ ಕಾಯುವ ಹಾಗಿಲ್ಲ. ಈಗಲೇ ಹೊರಡಬೇಕು. ಗಾಡಿ?” ಎಂದು ಅಕ್ಕೋರ ಕಡೆ ತಿರುಗಿದರು.

ಗಾಡಿ ಒದಗಿಸಿದ್ದು ಚಾಚಿ. ಅವರ ತಮ್ಮ ಶಿರಸಿ ಯಲ್ಲಾಪುರ ನಡುವೆ ಟೆಂಪೊ ಓಡಿಸುತ್ತಾನೆ. ಆ ಹೊತ್ತಿಗೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ಜನ ತುಂಬಿಕೊಂಡು ಹೊರಡಲು ನಿಂತಿದ್ದ. ಫೋನು ಬಂದದ್ದೇ ವಿಷಯ ಹೇಳಿದನಂತೆ, ಕೂತಿದ್ದವರೆಲ್ಲ ಮಾತಿಲ್ಲದೆ ಇಳಿದರಂತೆ. ಎರಡು ಗಂಟೆ ಎಂಟು ನಿಮಿಷಕ್ಕೆ ಟೆಂಪೊ ಬಾಗಿಲಲ್ಲಿತ್ತು. ಎರಡೂಕಾಲಿಗೆ ಹೊರಟೆವು. ಆಮ್ಲಜನಕದ ಸಿಲಿಂಡರನ್ನು ಸೀಟಿನ ಕಾಲಿಗೆ ಕಟ್ಟಿದ್ದಾಯಿತು. ಅಕ್ಕೋರು ಹತ್ತಿ ಕೂತು ನನ್ನ ಕಡೆ ನೋಡಿದರು. “ನೀನೂ ಬಾ.”

ಮುಂಡಗೋಡದ ದಾರಿ ಹಿಡಿದೆವು. ಚಾಚಾನನ್ನು ಅರ್ಧ ಕೂತ ಹಾಗೆ ದಿಂಬಿಗೆ ಒರಗಿಸಿದ್ದರು, ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಬಲಗಾಲಿಗೆ ಹತ್ತಿ ಸುತ್ತಿ, ಮೇಲೆ ಚಾದರ ಹೊದೆಸಿ, ಹಿಮ್ಮಡಿ ಯಾವುದಕ್ಕೂ ತಾಗದ ಹಾಗೆ ಸ್ವಲ್ಪ ಇಳಿಬಿಟ್ಟಿದ್ದರು. ಚಾಚಿ ಕಾಲು ಉಜ್ಜಲು ಬಗ್ಗಿದರು.

“ಉಜ್ಜಬೇಡಿ. ಚರ್ಮ ಕಿತ್ತು ಬರ್ತದೆ.”

“ಬಿಸಿನೀರಿನ ಬಾಟ್ಲಿ ಐತ್ರಿ, ಅದನ್ನರ ಇಡ್ಲೇನು?”

“ಬೇಡ. ಸುಟ್ಟರೂ ಆ ಕಾಲಿಗೆ ಗೊತ್ತಾಗೂದಿಲ್ಲ. ನೀವು ಅವರ ಕೈ ಹಿಡ್ಕೊಂಡು ಕೂತ್ಕೊಳಿ, ಸಾಕು.”

ಹತ್ತು ನಿಮಿಷಕ್ಕೊಮ್ಮೆ ಬೆರಳು ಆಡಿಸಲು ಹೇಳುವುದು, ಬರೆಯುವುದು ನನ್ನ ಕೆಲಸ. ಆ ದಿನದ ಡೈರಿಯ ಪುಟ ಕುಲುಕಾಟದಲ್ಲಿ ಬರೆದ ಸೊಟ್ಟ ಅಕ್ಷರದ್ದು. ಎರಡು ಇಪ್ಪತ್ತೈದು, ಐದೂ ಬೆರಳು ಆಡುತ್ತವೆ. ಎರಡು ಐವತ್ತೈದು, ಹೆಬ್ಬೆರಳು ಮತ್ತು ಪಕ್ಕದ ಒಂದು. ಮೂರು ಹದಿನೈದು, ಹೆಬ್ಬೆರಳು ಮಾತ್ರ.

ಚಾಚಾ ಅಲ್ಲಿಯವರೆಗೂ ಭಾವಮೈದುನನಿಗೆ ಗಾಡಿ ಹೊಡೆಯುವುದನ್ನು ಕಲಿಸುತ್ತಿದ್ದರು. “ಏ, ಕ್ಲಚ್ ಮ್ಯಾಲ ಕಾಲ ಇಟ್ಕೊಂಡ ಹೊಡೀಬ್ಯಾಡಲೇ. ಪ್ಲೇಟ್ ಸುಡ್ತದ.”

“ಮಾತಾಡಬೇಡಿ, ಉಸಿರು ಉಳಿಸ್ಕೊಳಿ” ಎಂದರು ಅಕ್ಕೋರು.

“ಅಂವ ಹೊಡಿಯೂದು ನೋಡಿದ್ರ ಉಸಿರು ತಾನ ನಿಂದರ್ತದ್ರಿ.”

ಮೂರು ಇಪ್ಪತ್ತೈದಕ್ಕೆ ನಾನು ಬೆರಳು ಆಡಿಸಲು ಹೇಳಿದೆ. ಚಾಚಾ ಹಲ್ಲು ಕಚ್ಚಿದರು. ಏನೂ ಆಡಲಿಲ್ಲ. ‘ಇಲ್ಲ’ ಎಂದು ಬರೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

“ಅಕ್ಕೋರ, ಇದು ಎಕ್ಸಿಲೇಟರ್ ಕಾಲ್ರಿ.”

“ಬ್ರೇಕೂ ಅದೇ ಕಾಲಲ್ಲೇ ಅಲ್ವಾ?”

“ಹೌದ್ರಿ.”

“ಹಂಗಾದ್ರೆ ಅದು ಬೇಕೇ ಬೇಕು” ಎಂದು ಅಕ್ಕೋರು ಚಾದರದ ಒಳಗೆ ಕೈ ಹಾಕಿ ಆ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡರು. ಉಜ್ಜಲಿಲ್ಲ, ಒತ್ತಲಿಲ್ಲ. ಹುಬ್ಬಳ್ಳಿ ಬರುವವರೆಗೆ ಕೈ ತೆಗೆಯಲಿಲ್ಲ. ನಾನು ಹತ್ತು ನಿಮಿಷಕ್ಕೊಮ್ಮೆ ‘ಇಲ್ಲ’ ಬರೆದೆ. ಒಟ್ಟು ಎಂಟು.

ನಾಲ್ಕು ಮೂವತ್ತೆಂಟಕ್ಕೆ ಆಸ್ಪತ್ರೆ ತಲುಪಿದೆವು. ನಮ್ಮ ಡಾಕ್ಟರು ಮೊದಲೇ ಫೋನು ಮಾಡಿದ್ದರಿಂದ ನೇರ ಒಳಗೆ ತೆಗೆದುಕೊಂಡರು. ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ, “ಕೊನೆಗೆ ನಾಡಿ ಸಿಕ್ಕಿದ್ದು ಎಷ್ಟಕ್ಕೆ?” ಅಕ್ಕೋರು ನನ್ನ ಕಡೆ ತಿರುಗಿದರು. “ಹತ್ತಕ್ಕೆ. ಹನ್ನೆರಡಕ್ಕೆ ನಾನು ನೋಡಿಲ್ಲ” ಎಂದೆ. ಮತ್ತೆ ಹೇಳುವುದು ಮೊದಲ ಸಲಕ್ಕಿಂತ ಸುಲಭವೇನೂ ಆಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಚಾಚಿ ಮಡಿಲಲ್ಲಿ ಆ ಕಪ್ಪು ಕಾಲುಚೀಲ ಇಟ್ಟುಕೊಂಡು ಕೂತಿದ್ದರು.

“ಅವರಿಗೂ ಹೇಳು” ಎಂದರು ಅಕ್ಕೋರು.

“ಈಗಲೇ?”

“ಕಾಲು ಉಳಿದ ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ಲ.”

ಹೋಗಿ ಚಾಚಿಯ ಪಕ್ಕ ಕೂತು ಹೇಳಿದೆ. ಹನ್ನೆರಡಕ್ಕೆ ನೋಡಿದ್ದರೆ ಆಗಲೇ ಹೊರಡಬಹುದಿತ್ತು ಎಂದೂ ಹೇಳಿದೆ. ಚಾಚಿ ಮಡಿಲಿನ ಕಾಲುಚೀಲಗಳನ್ನು ಮಡಚಿದರು. ಆಮೇಲೆ, “ಚೀಲ ನಾನ ಹಾಕಿದ್ದೆ. ನೀ ತಗೀಬೇಕಾಗಿತ್ತು” ಎಂದರು. ಎದ್ದು ಹೋಗಿ ಎದುರಿನ ಬೆಂಚಿನಲ್ಲಿ ಕೂತರು. ಅಕ್ಕೋರು ಬಂದು ನನ್ನ ಪಕ್ಕದ ಖಾಲಿ ಜಾಗದಲ್ಲಿ ಕೂತರು. ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ಇಷ್ಟು ವರ್ಷ ನಿಂತೇ ಕೆಲಸ ಮಾಡಿದ ಅವರ ಕಾಲಿನಲ್ಲಿ ನೀಲಿ ನರಗಳು ಉಬ್ಬಿ ಗಂಟುಗಟ್ಟಿದ್ದನ್ನು ನಾನು ನೋಡಿದ್ದು ಅಂದೇ. ಎಲ್ಲರ ಕಾಲು ನೋಡುವವರ ಕಾಲನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. “ಅಕ್ಕೋರೆ, ನೀವು ಯಾವತ್ತಾದರೂ ನೋಡದೇ ಬರೆದದ್ದು...” ಎಂದು ಶುರು ಮಾಡಿದೆ.

“ನಿನ್ನ ಡೈರಿಗೆ ಬೇಕಾ?” ಎಂದರು. ಅಷ್ಟೇ. ಇಂದಿಗೂ ನನಗೆ ಆ ಉತ್ತರ ಗೊತ್ತಿಲ್ಲ.

ಆರೂವರೆಯ ಹೊತ್ತಿಗೆ ಅಲ್ಲಿಯ ಸರ್ಜನ್ ಹೊರಬಂದರು. ಹೆಪ್ಪು ತೆಗೆದಿದ್ದಾರೆ, ಪಾದಕ್ಕೆ ರಕ್ತ ಹರಿಯುತ್ತಿದೆ, ಕಾಲು ಉಳಿಯಬಹುದು, ಒಂದೆರಡು ಬೆರಳಿನ ಬಗ್ಗೆ ಈಗಲೇ ಹೇಳಲಾಗದು. “ಇನ್ನೊಂದು ತಾಸು ತಡವಾಗಿದ್ದರೆ ಮೊಣಕಾಲಿನಿಂದ ಕೆಳಗೆ ತೆಗೆಯುವ ಮಾತು ಆಡಬೇಕಾಗುತ್ತಿತ್ತು” ಎಂದರು. ಮೂರು ಗಂಟೆಯ ಆಂಬುಲೆನ್ಸಿಗೆ ಕಾದಿದ್ದರೆ ಆಗುತ್ತಿದ್ದ ತಡ ಹೆಚ್ಚುಕಡಿಮೆ ಆ ಒಂದು ತಾಸೇ. ಅಕ್ಕೋರು ಅನುಮತಿ ಕೇಳಿ ಒಳಗೆ ಹೋದರು. ಹಿಂದಿರುಗಿ ಚಾಚಿಯ ಹತ್ತಿರ ಹೋಗಿ, “ಬಿಸಿ ಬರ್ತಾ ಇದೆ” ಎಂದರು. ಚಾಚಿ ಅವರ ಎರಡೂ ಕೈ ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ.

ಚಾಚಾನ ಬಲಗಾಲಿನ ಕೊನೆಯ ಎರಡು ಬೆರಳು ಹೋದವು. ಕಾಲು ಉಳಿಯಿತು.

ಮರುವಾರ ನನಗೆ ಆಸ್ಪತ್ರೆಯಿಂದ ನೋಟಿಸು ಬಂತು. ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ವಿಚಾರಣೆಯಲ್ಲಿ ಅಕ್ಕೋರು ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನಡೆದದ್ದನ್ನು ಗಂಟೆ ನಿಮಿಷದ ಸಮೇತ ಹೇಳಿದರು. “ಕೇಳಿದಾಗ ಹೇಳಿದಳು” ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. “ಮೊದಲು ಮುಟ್ಟಿದೆ ಅಂದಳು” ಎಂಬುದನ್ನೂ ಬಿಡಲಿಲ್ಲ. ಆಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಆ ವಾರದ ಪುಟಗಳಲ್ಲಿ ಅದೂ ಇದೆ.

ಅಂದಿನಿಂದ ಅವರದ್ದೊಂದು ಹೊಸ ಕ್ರಮ ಶುರುವಾಯಿತು. ನಾನು ಯಾವ ರೋಗಿಯ ಕಾಲು ನೋಡಿ ಬರೆದರೂ, ಹಿಂದೆಯೇ ಬಂದು ತಾವೂ ಬೆರಳಿಟ್ಟು ನೋಡುತ್ತಿದ್ದರು. ರೋಗಿಗಳ ಎದುರಿಗೇ. ಮಾತಿಲ್ಲ. ನೋಡಿ, ಸರಿ ಇದ್ದರೆ ಮುಂದಿನ ಮಂಚಕ್ಕೆ. ನಾಚಿಕೆಯಿಂದ ಮುಖ ಬಿಸಿಯಾಗುತ್ತಿತ್ತು. ಆದರೂ ಒಂದೊಂದಕ್ಕೂ ಗೀಟು ಹಾಕಿ ಎಣಿಸಿದ್ದೇನೆ. ನವೆಂಬರ್‌ನಿಂದ ಮಾರ್ಚ್ ಮೂವತ್ತರವರೆಗೆ ಮುನ್ನೂರ ಹದಿನೆಂಟು ಸಲ. ಒಂದು ಸಲವೂ ನನ್ನದು ತಪ್ಪಿರಲಿಲ್ಲ. ಅದಕ್ಕೆ ಅವರು ಒಂದು ಸಲವೂ ಏನೂ ಅಂದಿರಲಿಲ್ಲ.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಅಕ್ಕೋರು ವಾರ್ಡಿನ ಮೇಜಿನ ಹತ್ತಿರ ಕೂತು ಕೀಲಿಗೊಂಚಲು, ಔಷಧಿ ಪುಸ್ತಕ ಎಲ್ಲ ಒಪ್ಪಿಸುವ ಪಟ್ಟಿ ಬರೆಯುತ್ತಿದ್ದರು. ಹತ್ತು ಗಂಟೆಗೆ ಚಾಚಾ ತಪಾಸಣೆಗೆ ಬಂದರು. ಮಹಡಿ ಹತ್ತಿ ನಡೆದೇ ಬಂದರು, ಸ್ವಲ್ಪ ವಾಲಿಕೊಂಡು. ಲಾರಿ ಬಿಟ್ಟಿದ್ದಾರೆ, ಯಲ್ಲಾಪುರದ ಸಾಗಣೆ ಆಫೀಸಿನಲ್ಲಿ ಕೂತು ಲಾರಿಗಳಿಗೆ ಲೋಡು ಹಂಚುತ್ತಾರೆ. ಹಿಂದೆ ಚಾಚಿ ಇದ್ದರು. ಹುಬ್ಬಳ್ಳಿಯ ಆ ಬೆಂಚಿನ ನಂತರ ಚಾಚಿ ನನ್ನೊಡನೆ ಮಾತಾಡಿರಲಿಲ್ಲ.

ಚಾಚಾ ಕುರ್ಚಿಯಲ್ಲಿ ಕೂತರು. ನಾನು ಎದುರು ನಿಂತೆ. ಅಕ್ಕೋರು ಕರೆಯಲಿ, ಅವರೇ ನೋಡಲಿ ಎಂದು ಕಾದೆ. ಅಕ್ಕೋರು ಪಟ್ಟಿಯಿಂದ ತಲೆ ಎತ್ತಲಿಲ್ಲ.

ಚಾಚಿಯೇ ಬಗ್ಗಿ ಗಂಡನ ಎರಡೂ ಕಾಲಿನ ಚೀಲ ಎಳೆದು ತೆಗೆದರು. ತೆಗೆದು ಪಕ್ಕಕ್ಕೆ ಸರಿದು, “ನೋಡವ್ವಾ” ಎಂದರು.

ಚಾಚಾ ಬಲಗಾಲು ಎತ್ತಿ ನನ್ನ ಮುಂದಿನ ಸ್ಟೂಲಿನ ಮೇಲಿಟ್ಟರು. “ನಿಮ್ಮಪ್ಪಗ ಹೇಳೀನಿ. ಅಂವ ನನಗ ಬೈದ, ನಿನ್ನನ್ನೂ ಬೈದ.”

ನೆಲಕ್ಕೆ ಕೂತೆ. ಎರಡೂ ಪಾದಗಳಿಗೆ ಬೆರಳಿನ ಹಿಂಬದಿ ತಾಗಿಸಿದೆ, ಒಟ್ಟಿಗೆ. ಎರಡೂ ಬೆಚ್ಚಗಿದ್ದವು. ಬಲಪಾದದ ಮೇಲೆ ಹಳೆಯ ಗುರುತಿರಲಿಲ್ಲ, ಹುಡುಕಬೇಕಾಯಿತು. ಒಮ್ಮೆ ಸಿಕ್ಕಿದಂತಾಗಿ ತಪ್ಪಿತು. ನನ್ನ ಬೆರಳಿನದೇ ಬಡಿತವಿರಬಹುದೆಂದು ಬೆರಳು ಸಡಿಲಿಸಿದೆ. ಚಾಚಿ ನನ್ನ ಕೈಯನ್ನೇ ನೋಡುತ್ತಿದ್ದರು.

“ಇದೆಯಾ?” ಎಂದು ಅಕ್ಕೋರು ಮೇಜಿನಿಂದ ಕೇಳಿದರು.

ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ.

“ಇದೆ. ಎಪ್ಪತ್ತಾರು. ನಡುನಡುವೆ ತಾಳ ತಪ್ಪುತ್ತದೆ.”

ಅಕ್ಕೋರ ಕುರ್ಚಿ ಹಿಂದಕ್ಕೆ ಸರಿಯುವ ಸದ್ದಿಗಾಗಿ ಕಾದೆ. ಬರಲಿಲ್ಲ. ಅಕ್ಕೋರು ಕೂತಲ್ಲಿಂದಲೇ ಚಾಚಾನ ಚಾರ್ಟಿನಲ್ಲಿ ನಾನು ಹೇಳಿದ್ದನ್ನು ಬರೆದುಕೊಂಡರು. ಆಮೇಲೆ ಜೇಬಿನ ಪೆನ್ನಿನ ದಾರ ಬಿಚ್ಚಿ, “ಗುರುತು ಹಾಕು” ಎಂದು ಮೇಜಿನ ಈ ಅಂಚಿಗೆ ತಳ್ಳಿದರು.

ಆ ದಿನದ ಪುಟದಲ್ಲಿ ಹೊಸ ಗೀಟು ಇಲ್ಲ. ಮುನ್ನೂರ ಹದಿನೆಂಟು ಹಾಗೇ ನಿಂತಿದೆ.